ಹತ್ತನೇ ತರಗತಿ ಪೋಷಕರಿಗೆ: ಎರಡು ಬೋರ್ಡ್ ಪರೀಕ್ಷೆಗಳ ವಿಚಾರ

ಮಾನ್ಯ ಪೋಷಕರೇ,

ನಮಸ್ಕಾರ. ಸಿಬಿಎಸ್‌ಇ 2026ರಿಂದ ಹತ್ತನೇ ತರಗತಿಗೆ ವರ್ಷಕ್ಕೆ ಎರಡು ಬೋರ್ಡ್ ಪರೀಕ್ಷೆ ನಡೆಸುವ ಪದ್ಧತಿ ತಂದಿದೆ. “ಹೇಗೂ ಮೇ ತಿಂಗಳಲ್ಲಿ ಇನ್ನೊಂದು ಇದೆಯಲ್ಲ” ಎಂಬ ಮಾತು ಮಕ್ಕಳ ಬಾಯಲ್ಲಿ ಕೇಳಿಬರುತ್ತಿದೆ. ಎಸ್‌ಎಸ್‌ಎಲ್‌ಸಿಗೆ 2024ರಲ್ಲಿ ಬಂದ ಮೂರು ಪರೀಕ್ಷೆಗಳ ನಿಯಮವನ್ನೇ ಇದಕ್ಕೂ ಹೊಂದಿಸಿಕೊಂಡವರಿದ್ದಾರೆ. ಎರಡೂ ಬೇರೆ ಬೇರೆ, ದಯವಿಟ್ಟು ಬೆರೆಸಬೇಡಿ.

ಫೆಬ್ರುವರಿ ಮಧ್ಯದಲ್ಲಿ ಶುರುವಾಗುವ ಮೊದಲ ಪರೀಕ್ಷೆ ಎಲ್ಲರಿಗೂ ಕಡ್ಡಾಯ. ಅದರಲ್ಲಿ ಮೂರು ಅಥವಾ ಹೆಚ್ಚು ವಿಷಯಗಳಿಗೆ ಗೈರಾದವರಿಗೆ ಮೇ ಪರೀಕ್ಷೆಯ ಅವಕಾಶವಿಲ್ಲ, ಮುಂದಿನ ಫೆಬ್ರುವರಿಯೇ ಗತಿ. ಪಾಸಾದವರು ವಿಜ್ಞಾನ, ಗಣಿತ, ಸಮಾಜ ವಿಜ್ಞಾನ, ಭಾಷೆಗಳ ಪೈಕಿ ಹೆಚ್ಚೆಂದರೆ ಮೂರನ್ನು ಮೇ ತಿಂಗಳಲ್ಲಿ ಮತ್ತೆ ಬರೆಯಬಹುದು. ಎರಡರಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಎರಡಕ್ಕೂ ಪಠ್ಯ ಇಡೀ ವರ್ಷದ್ದೇ. ಆದರೆ ಆಂತರಿಕ ಮೌಲ್ಯಮಾಪನ ಒಮ್ಮೆ ಮಾತ್ರ, ಮೊದಲ ಪರೀಕ್ಷೆಗೂ ಮುಂಚೆ. ಅಲ್ಲಿ 20ಕ್ಕೆ 12 ಪಡೆದ ಮಗು ಮೇ ತಿಂಗಳಲ್ಲೂ ಅದೇ 12 ಇಟ್ಟುಕೊಂಡೇ ಬರೆಯಬೇಕು. ಆ 20 ಅಂಕ ನಾಲ್ಕು ಪಾಲು: ಲಿಖಿತ ಕಿರುಪರೀಕ್ಷೆಗೆ 5, ರಸಪ್ರಶ್ನೆ, ಮೌಖಿಕದಂಥ ಬಹುವಿಧ ಮೌಲ್ಯಮಾಪನಕ್ಕೆ 5, ಪೋರ್ಟ್‌ಫೋಲಿಯೊಗೆ, ಅಂದರೆ ಮಗು ಮಾಡಿದ ಕೆಲಸಗಳ ಸಂಗ್ರಹಕ್ಕೆ, 5, ಪ್ರಯೋಗ ಮತ್ತು ಪ್ರಾಜೆಕ್ಟ್‌ಗಳಿಗೆ 5. ಮಂಡಳಿಯ ಪೋರ್ಟಲ್‌ಗೆ ಅಂಕ ಏರಿಸಿದ ಮೇಲೆ ತಿದ್ದಲು ಬರುವುದಿಲ್ಲ. ಪ್ರಾಜೆಕ್ಟ್ ಒಂದು ವಾರ ತಡವಾದರೆ ಏನಂತೆ ಎಂದು ಕೇಳುವವರಿಗೆ ಇದೇ ಉತ್ತರ. ಹಾಜರಾತಿ ಶೇ. 75 ಇರಲೇಬೇಕು. ಕಾಯಿಲೆಯಿಂದ ರಜೆ ಹಾಕಿದರೆ ವೈದ್ಯಕೀಯ ದಾಖಲೆಯನ್ನು ಆಗಲೇ ತಲುಪಿಸಿ, ಜನವರಿಯಲ್ಲಿ ಹುಡುಕಬೇಡಿ.

ಅಭ್ಯರ್ಥಿಗಳ ಪಟ್ಟಿ, ಅಂದರೆ ಎಲ್‌ಒಸಿ, ಮಂಡಳಿಗೆ ಹೋಗುವ ಮುನ್ನ ಅದರ ಪ್ರತಿ ನಿಮ್ಮ ಸಹಿಗೆ ಬರುತ್ತದೆ. ಅವಸರದಲ್ಲಿ ಸಹಿ ಹಾಕಬೇಡಿ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನಾಂಕವನ್ನು ಒಂದೊಂದು ಅಕ್ಷರವಾಗಿ ಓದಿ. ನಮ್ಮ ಕಡೆ ತೊಂದರೆ ಕೊಡುವುದು ಇನಿಷಿಯಲ್: ಆಧಾರ್‌ನಲ್ಲಿ ಬಿಡಿಸಿ ಬರೆದದ್ದು, ಶಾಲಾ ದಾಖಲೆಯಲ್ಲಿ ಬರೀ ಒಂದಕ್ಷರ. ವಿಷಯ ಸಂಕೇತವನ್ನೂ ನೋಡಿ. ಕನ್ನಡ 015. ಹಿಂದಿ ಎ ಕೋರ್ಸ್ 002, ಬಿ ಕೋರ್ಸ್ 085. ಗಣಿತ ಸ್ಟ್ಯಾಂಡರ್ಡ್ 041, ಬೇಸಿಕ್ 241. ಪಠ್ಯ ಎರಡಕ್ಕೂ ಒಂದೇ, ಪತ್ರಿಕೆಯ ಕಠಿಣತೆ ಬೇರೆ. ಹನ್ನೊಂದರಲ್ಲಿ ಗಣಿತ ಬೇಕೆನ್ನುವವರು 041 ಆರಿಸುವುದೇ ಸರಿ.

ಪ್ರಶ್ನೆಪತ್ರಿಕೆಯ ಸ್ವರೂಪವೂ ಮೊದಲಿನಂತಿಲ್ಲ. ಅರ್ಧದಷ್ಟು ಅಂಕ ಸಾಮರ್ಥ್ಯ ಆಧಾರಿತ, ಅಂದರೆ ಕಲಿತದ್ದನ್ನು ಬಳಸಿ ಉತ್ತರಿಸುವ ಪ್ರಶ್ನೆಗಳಿಗೆ, ಶೇ. 20 ಬಹು ಆಯ್ಕೆಗೆ, ಉಳಿದ ಶೇ. 30 ಬರೆದು ಉತ್ತರಿಸುವುದಕ್ಕೆ. ಗಣಿತದಲ್ಲಿ 38 ಪ್ರಶ್ನೆ, 80 ಅಂಕ. ಅದರಲ್ಲಿ ನಾಲ್ಕು ಅಂಕದ ಮೂರು ಪ್ರಶ್ನೆಗಳು ಒಂದು ಸನ್ನಿವೇಶ ಕೊಟ್ಟು ಅದರ ಮೇಲೆ ಕೇಳುವಂಥವು. ಮಕ್ಕಳು ಹೆಚ್ಚು ಎಡವುವುದು ಪ್ರತಿಪಾದನೆ ಮತ್ತು ಕಾರಣದ ಒಂದಂಕದ ಪ್ರಶ್ನೆಯಲ್ಲಿ. ಉದಾಹರಣೆಗೆ, ಪ್ರತಿಪಾದನೆ: ಒಂದರ ನಂತರ ಒಂದು ಬರುವ ಯಾವುದೇ ಎರಡು ಸ್ವಾಭಾವಿಕ ಸಂಖ್ಯೆಗಳ ಎಚ್‌ಸಿಎಫ್ (ಮಹತ್ತಮ ಸಾಮಾನ್ಯ ಅಪವರ್ತನ) 1. ಕಾರಣ: ಅಂಥ ಎರಡು ಸಂಖ್ಯೆಗಳ ಗುಣಲಬ್ಧ ಯಾವಾಗಲೂ ಸಮಸಂಖ್ಯೆ. ಎರಡೂ ನಿಜ. ಅಲ್ಲಿಗೇ ನಿಂತ ಮಗು ‘ಎರಡೂ ನಿಜ, ಕಾರಣವೇ ಸರಿಯಾದ ವಿವರಣೆ’ ಎಂಬ ಮೊದಲ ಆಯ್ಕೆಗೆ ಗುರುತು ಹಾಕಿ ಅಂಕ ಕಳೆದುಕೊಳ್ಳುತ್ತದೆ. ಗುಣಲಬ್ಧ ಸಮವಾಗಿರುವುದರಿಂದ ಎಚ್‌ಸಿಎಫ್ 1 ಆಗಿಲ್ಲ. 2 ಮತ್ತು 4ರ ಗುಣಲಬ್ಧವೂ ಸಮವೇ, ಎಚ್‌ಸಿಎಫ್ ಮಾತ್ರ 2. ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ 1 ಎಂಬುದು ನಿಜವಾದ ಕಾರಣ. ಗೈಡ್ ಉರು ಹೊಡೆದವರಿಗೆ ಇದು ದಕ್ಕುವುದಿಲ್ಲ. ಮನೆಯಲ್ಲಿ “ಎಷ್ಟು ಪಾಠ ಮುಗಿಯಿತು” ಎನ್ನುವ ಬದಲು “ಇದು ಯಾಕೆ ಹೀಗೆ” ಎಂದು ಕೇಳಿ ನೋಡಿ.

ಇನ್ನೊಂದು ಬದಲಾವಣೆ ಅಂಕವನ್ನೇ ನುಂಗುವಂಥದ್ದು. ವಿಜ್ಞಾನದ ಪತ್ರಿಕೆ ಜೀವವಿಜ್ಞಾನ, ರಸಾಯನವಿಜ್ಞಾನ, ಭೌತವಿಜ್ಞಾನ ಎಂದು ಮೂರು ಭಾಗ. ಸಮಾಜ ವಿಜ್ಞಾನದ್ದು ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎಂದು ನಾಲ್ಕು. ಉತ್ತರಪುಸ್ತಿಕೆಯನ್ನೂ ಹಾಗೆಯೇ ಭಾಗ ಮಾಡಿ, ಆಯಾ ಉತ್ತರವನ್ನು ಆಯಾ ಭಾಗದಲ್ಲೇ ಬರೆಯಬೇಕು. ಬೆರೆಸಿ ಬರೆದದ್ದನ್ನು ಮೌಲ್ಯಮಾಪಕರು ನೋಡುವುದಿಲ್ಲ, ಆಮೇಲೆ ಅರ್ಜಿ ಹಾಕಿದರೂ ಪ್ರಯೋಜನವಿಲ್ಲ. ಶಾಲೆಯ ಪರೀಕ್ಷೆಗಳಲ್ಲೂ ಇದೇ ನಿಯಮ ಪಾಲಿಸುತ್ತೇವೆ. ಅಲ್ಲಿ ಅಂಕ ಹೋದರೆ ಬೇಸರಿಸಿಕೊಳ್ಳಬೇಡಿ.

ಪರೀಕ್ಷೆಯ ದಿನ ಬೆಳಿಗ್ಗೆ 10ರೊಳಗೆ ಕೇಂದ್ರದ ಒಳಗಿರಬೇಕು. 10:15ರಿಂದ 15 ನಿಮಿಷ ಪ್ರಶ್ನೆ ಓದಲು, 10:30ರಿಂದ ಬರೆಯಲು. ಮೊಬೈಲ್ ಸಿಕ್ಕಿದರೆ ಆ ವರ್ಷದ್ದಷ್ಟೇ ಅಲ್ಲ, ಮುಂದಿನ ವರ್ಷದ ಪರೀಕ್ಷೆಯೂ ಹೋಗುತ್ತದೆ. ಸ್ಮಾರ್ಟ್ ವಾಚ್ ಕೂಡ ಬೇಡ, ಮುಳ್ಳಿನ ಗಡಿಯಾರ ಸಾಕು.

ಫಲಿತಾಂಶ ಬಂದಾಗ ಎ1 ಎಂದರೆ ಇಷ್ಟೇ ಅಂಕ ಎಂದು ಲೆಕ್ಕ ಹಾಕಬೇಡಿ. ಆ ವಿಷಯದಲ್ಲಿ ಪಾಸಾದವರನ್ನು ಅಂಕದ ಕ್ರಮದಲ್ಲಿ ಇಟ್ಟು, ಮೊದಲ ಎಂಟನೇ ಒಂದು ಭಾಗಕ್ಕೆ ಎ1, ಮುಂದಿನ ಎಂಟನೇ ಒಂದಕ್ಕೆ ಎ2 ಕೊಡುತ್ತಾರೆ. ಹೀಗಾಗಿ ಒಂದೇ ಅಂಕಕ್ಕೆ ಒಂದು ವಿಷಯದಲ್ಲಿ ಎ1, ಇನ್ನೊಂದರಲ್ಲಿ ಎ2 ಬರಬಹುದು. ಮಂಡಳಿ ಡಿಸ್ಟಿಂಕ್ಷನ್ ಆಗಲಿ ಒಟ್ಟು ಶೇಕಡಾವಾರು ಆಗಲಿ ಕೊಡುವುದಿಲ್ಲ.

ಅಂಕದ ಬಗ್ಗೆ ಅನುಮಾನವಿದ್ದರೆ ಮೊದಲು ಉತ್ತರಪುಸ್ತಿಕೆಯ ನಕಲು ಪಡೆಯಿರಿ. ಅಂಕ ಪರಿಶೀಲನೆ, ಮರುಮೌಲ್ಯಮಾಪನ ಆಮೇಲಿನ ಹೆಜ್ಜೆ. ಮರುಮೌಲ್ಯಮಾಪನದಲ್ಲಿ ಅಂಕ ಏರಲೂಬಹುದು, ಇಳಿಯಲೂಬಹುದು. ಇಳಿದರೆ ಹಳೆಯದಕ್ಕೆ ಮರಳುವ ಅವಕಾಶವಿಲ್ಲ.

ಇಂತಿ,
ಪ್ರಾಂಶುಪಾಲರು