ಸುಟ್ಟ ಜಾಗಕ್ಕೆ ಮತ್ತೆ ಅದೇ ಪ್ಲಾಸ್ಟಿಕ್ ಪಟ್ಟಿ!

ಮಾನ್ಯ ಸಂಪಾದಕರೇ,

ನಮ್ಮ ತುಮಕೂರಿನ ಎಂ.ಜಿ. ರಸ್ತೆ ಕಾಂಪ್ಲೆಕ್ಸಿನ ಬೆಂಕಿ ಬಗ್ಗೆ ನಿಮ್ಮ ವರದಿ ನೋಡಿದೆ. ‘ಶಾರ್ಟ್ ಸರ್ಕ್ಯೂಟ್, ಪ್ರಾಣಹಾನಿ ಇಲ್ಲ’ ಎಂದು ಮುಗಿಸಿದ್ದೀರಿ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕೂತು ತೆರಿಗೆ ಲೆಕ್ಕ ಬರೆಯುವವನು ನಾನು. ಪ್ರಾಣ ಹೋಗಲಿಲ್ಲ, ನಿಜ. ಅದೊಂದೇ ಬಾಕಿ ಇತ್ತು.

ಮೀಟರ್ ಬೋರ್ಡಿಗೆ ಹತ್ತಿದ ಬೆಂಕಿ ನಮ್ಮ ತನಕ ಬರಲೇ ಇಲ್ಲ. ಬಂದದ್ದು ಹೊಗೆ. ಮೆಟ್ಟಿಲ ಮೇಲಿನ ಸೂರಿಗೆ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹೊಡೆದು ಕರೆಂಟ್, ಇಂಟರ್ನೆಟ್, ಸಿಸಿಟಿವಿ, ಯಾವ ಕಾಲದ್ದೋ ಟೆಲಿಫೋನ್, ಎಲ್ಲ ವೈರನ್ನೂ ಅದರೊಳಗೆ ತುರುಕಿದ್ದರು. ಹೊಗೆಯ ಬಿಸಿಗೆ ಪಟ್ಟಿ ಕರಗಿತು, ವೈರು ಜೋತುಬಿತ್ತು. ಕತ್ತಲಲ್ಲಿ ಒಂದು ಕೊರಳಿಗೆ, ಇನ್ನೊಂದು ಕಾಲಿಗೆ. ಟೈಲರ್ ಅಂಗಡಿ ಹುಡುಗ ಬಟ್ಟೆ ಅಳೆಯುವ ಮರದ ಕೋಲಿನಿಂದ ಆ ವೈರುಗಳನ್ನು ಎತ್ತಿಹಿಡಿದ. ನಾವು ಒಬ್ಬೊಬ್ಬರೇ ಬಗ್ಗಿಕೊಂಡು ಇಳಿದೆವು. ಒಂದು ಚಪ್ಪಲಿ ಅಲ್ಲೇ ಹೋಯಿತು, ಕನ್ನಡಕ ಒಡೆಯಿತು. ಅವತ್ತಿನಿಂದ ಕರೆಂಟಿಲ್ಲ. ರಿಟರ್ನ್ಸ್ ಕೊನೆ ದಿನ ಮಾತ್ರ ಯಾರಿಗೂ ಕಾಯಲ್ಲ ಅಲ್ವಾ?

ಇಷ್ಟಾದರೂ ಸುಮ್ಮನಿದ್ದೆ. ನಿನ್ನೆ ರಿಪೇರಿಯವರು ಬಂದು ಅದೇ ಜಾಗಕ್ಕೆ ಅದೇ ಪ್ಲಾಸ್ಟಿಕ್ ಪಟ್ಟಿ ಹೊಡೆಯುವುದನ್ನು ನೋಡಿ ತಲೆ ಕೆಟ್ಟಿತು. ಕೇಳಿದರೆ, ‘ಫಿನಿಶಿಂಗ್ ಚೆನ್ನಾಗಿರುತ್ತೆ ಸಾರ್’!

ನನ್ನ ತಮ್ಮನ ಮಗ ಬೆಂಗಳೂರಲ್ಲಿ ಇದೇ ವೈರಿಂಗ್ ಕೆಲಸದಲ್ಲಿದ್ದಾನೆ. ಮಾಮೂಲಿ ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದಂತೆ. ಪಟ್ಟಿ ಬೇಕಿದ್ದರೆ ಇರಲಿ, ಒಳಗೆ ಅಲ್ಲಲ್ಲಿ ಸ್ಟೀಲ್ ಕ್ಲಿಪ್ ಹಾಕಿ ವೈರು ಹಿಡಿಸಬೇಕು. ಸೂರಿನಿಂದ ತೂಗುಬಿಡುವುದಾದರೆ ಬೆಂಕಿಗೆ ಪರೀಕ್ಷೆಯಾದ ಸ್ಟೀಲ್ ಹ್ಯಾಂಗರ್ ಸಿಗುತ್ತದೆ. ಸ್ಕ್ರೂ ಕೂರುವ ಪ್ಲಗ್ಗೂ ಲೋಹದ್ದೇ ಆಗಬೇಕು. ಅದು ಪ್ಲಾಸ್ಟಿಕ್ ಆದರೆ ಕ್ಲಿಪ್ಪು, ವೈರು ಎಲ್ಲ ಒಟ್ಟಿಗೆ ತಲೆ ಮೇಲೆ. ಬೆಂಕಿ ತಡೆಯುವ ದುಬಾರಿ ಕೇಬಲ್ ತಂದು ಪ್ಲಾಸ್ಟಿಕ್ ಟ್ಯಾಗಿನಲ್ಲಿ ಕಟ್ಟುವ ಜಾಣರೂ ಇದ್ದಾರಂತೆ.

ಇಂಗ್ಲೆಂಡಿನಲ್ಲಿ 2005ರಲ್ಲಿ ಸ್ಟೀವನೇಜ್, 2010ರಲ್ಲಿ ಸೌತಾಂಪ್ಟನ್‌ನ ಎತ್ತರದ ಕಟ್ಟಡಗಳಲ್ಲಿ ಹೀಗೇ ವೈರು ಜೋತುಬಿದ್ದು, ತಲಾ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿಯಲ್ಲೂ ವೈರು ಜೋತುಬೀಳದಂತೆ ಹಿಡಿಸಬೇಕೆಂದು ಅಲ್ಲಿನವರು 2015ರಲ್ಲಿ ಹೊರಹೋಗುವ ದಾರಿಗಳಿಗೆ, 2018ರಲ್ಲಿ ಇಡೀ ಕಟ್ಟಡಕ್ಕೆ ನಿಯಮ ಮಾಡಿದರು. ನಮಗೆ ಅಷ್ಟು ದೂರ ಯಾಕೆ? 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವೈರುಗಳ ಡಕ್ಟಿನಿಂದ ಎದ್ದ ಹೊಗೆಗೆ 9 ಜನ ಹೋದರು. ಆಮೇಲೂ ನಾವು ಫಿನಿಶಿಂಗ್ ನೋಡುತ್ತಿದ್ದೇವೆ.

ಲೈಸೆನ್ಸ್ ನವೀಕರಣಕ್ಕೆ ಬರುವ ಅಧಿಕಾರಿಗಳು ಬೋರ್ಡಿನಲ್ಲಿ ಕನ್ನಡ ಅಕ್ಷರ ಎಷ್ಟು ದಪ್ಪ ಎಂದು ಅಳೆಯುತ್ತಾರೆ. ಕತ್ತೆತ್ತಿ ಸೂರು ನೋಡಿದರೆ ಕತ್ತು ಉಳುಕುತ್ತದೇನೋ. ಇದೇ ರಸ್ತೆಯ ಚರಂಡಿ ಚಪ್ಪಡಿ ಮುರಿದಿದೆ ಎಂದು ಬರೆದುಕೊಟ್ಟ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು. ಚಪ್ಪಡಿ ಬರಲಿಲ್ಲ. ಸ್ಮಾರ್ಟ್ ಸಿಟಿ ಎಂದು ಅಗೆದದ್ದೇ ಬಂತು. ಹಗಲಲ್ಲಿ ಬೀದಿದೀಪ ಉರಿಯುತ್ತದೆ, ರಾತ್ರಿ ನಿದ್ದೆ ಮಾಡುತ್ತದೆ.

ಸಂಬಂಧಪಟ್ಟವರು ಕೂಡಲೇ ಆ ಪಟ್ಟಿ ಕೀಳಿಸಲಿ. ಇಲ್ಲವೇ ತಮ್ಮ ಚೇಂಬರಿನ ಬಾಗಿಲ ಮೇಲೂ ಅದನ್ನೇ ಹೊಡೆಸಿಕೊಳ್ಳಲಿ, ಫಿನಿಶಿಂಗ್ ಚೆನ್ನಾಗಿರುತ್ತೆ. ಹಾಗೇ ನನ್ನ ಲೇಟ್ ಫೀ ಯಾರು ಕಟ್ಟುತ್ತಾರೆ ಹೇಳಲಿ. ಆ ಚಪ್ಪಡಿಯನ್ನೂ ಹಾಕಿಸಲಿ.

– ನೊಂದ ಬಾಡಿಗೆದಾರ, ತುಮಕೂರು