ಎಂಟನೇ ದಿನದ ಸಲಾಯಿನ್ ತಪ್ಪಿಸಬೇಡಿ

ಲೀಡ್ಸ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಮಲ್ಲು,

ನಾನು ಆರಾಮ ಇದ್ದೇನೆ. ನಿನ್ನ ಪತ್ರ ಓದಿದ ಮೇಲೆ ನೀವೂ ಆರಾಮ ಅಂತ ಅಂದುಕೊಳ್ಳುವ ಹಾಗಿಲ್ಲ. ಫೋನ್ ಮಾಡಿದರೆ ಅವ್ವ ಪಕ್ಕದಲ್ಲೇ ಇರುತ್ತಾಳೆ, ಅರ್ಧ ಮಾತಿಗೇ ಅಳು. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನೀನು ಓದು, ಆಮೇಲೆ ಅವ್ವನಿಗೂ ಕಾಕಾಗೂ ಓದಿ ಹೇಳು.

ರಕ್ತದ ಕ್ಯಾನ್ಸರ್‌ಗೆ ಮೊದಲ ದಿನ ಔಷಧದ ಸಲಾಯಿನ್ ಹಚ್ಚಿ ಅರ್ಧ ತಾಸಿಗೆ ಅಪ್ಪ ಗಡಗಡ ನಡುಗಿದರು, ಜ್ವರ ಬಂತು, ಬಿಪಿ ಇಳಿಯಿತು, ನರ್ಸ್ ಓಡಿ ಬಂದು ನಿಲ್ಲಿಸಿದರು ಅಂತ ಬರೆದಿದ್ದೀಯ. ಕಾಕಾ ನೋಡಿ 'ಈ ಔಷಧ ಮೈಗೆ ಆಗಿಬರಲ್ಲ, ಸಾಕು ಮಾಡ್ರಿ' ಅಂದರಂತೆ. ಈಗ ಅವ್ವ ಮುಂದಿನ ಸಲಾಯಿನ್‌ಗೆ ಹೈದರಾಬಾದಿಗೆ ಹೋಗುವುದೇ ಬೇಡ ಅಂತ ಹಟ ಹಿಡಿದಿದ್ದಾಳೆ. ಮಲ್ಲು, ನಾನು ನರ್ಸ್, ದಿನಾ ಇದೇ ಕೆಲಸ ಮಾಡುವವಳು. ಅಪ್ಪನಿಗೆ ಕೊಡುತ್ತಿರುವ ಈ ಒಬಿನುಟುಜುಮಾಬ್ ಔಷಧ ಹಚ್ಚಿದ ಮೊದಲ ದಿನ ಚಳಿ ಜ್ವರ ಬಂದರೆ ನಮ್ಮ ವಾರ್ಡಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಬಾರದಿದ್ದರೇ ಅಪ್ಪನ ಪುಣ್ಯ ಅನ್ನುತ್ತಿದ್ದೆ.

ಯಾಕೆ ಹಾಗಾಗುತ್ತದೆ ಅಂತ ಕಾಕಾಗೆ ಹೇಳು. ಅಪ್ಪನ ರೋಗದಲ್ಲಿ ಬಿ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು ಸಾಯಬೇಕಾದಾಗ ಸಾಯದೆ ರಕ್ತದಲ್ಲಿ, ಗುಲ್ಮದಲ್ಲಿ, ಗಂಟುಗಳಲ್ಲಿ ತುಂಬಿಕೊಳ್ಳುತ್ತವೆ. ಆ ಕಣಗಳ ಮೈಮೇಲೆ ಸಿಡಿ20 ಅಂತ ಒಂದು ಗುರುತು ಇರುತ್ತದೆ. ಈ ಔಷಧ ಒಂದು ಆ್ಯಂಟಿಬಾಡಿ, ಆ ಗುರುತನ್ನೇ ಹುಡುಕಿ ಹಿಡಿಯುತ್ತದೆ. ಒಮ್ಮೆಲೇ ಅಷ್ಟು ಕಣ ಸಾಯುವಾಗ ಸೈಟೋಕೈನ್ ಅನ್ನುವ ರಾಸಾಯನಿಕಗಳು ರಕ್ತಕ್ಕೆ ಬರುತ್ತವೆ. ನಡುಕ, ಜ್ವರ, ಬಿಪಿ ಇಳಿಯುವುದು ಎಲ್ಲ ಅದರದ್ದೇ ಆಟ. ಮೊದಲ ದಿನ ಕಣ ಜಾಸ್ತಿ, ಅದಕ್ಕೇ ತೊಂದರೆಯೂ ಜಾಸ್ತಿ. ಹೀಗಾಗುತ್ತದೆ ಅಂತ ಗೊತ್ತಿದ್ದೇ ಮೊದಲ ದಿನ ಬರೀ 100 ಮಿಲಿಗ್ರಾಂ, ಅದೂ ತಾಸಿಗೆ 25ರಂತೆ ನಿಧಾನವಾಗಿ ಕೊಡುವುದು. ನಡುಕ ಬಂದಾಗ ನಿಲ್ಲಿಸಿ, ಔಷಧ ಕೊಟ್ಟು, ಆಮೇಲೆ ಇನ್ನೂ ನಿಧಾನವಾಗಿ ಹಚ್ಚಿ ಮುಗಿಸಿದರಲ್ಲ, ಅದು ಸರಿಯಾದ ಕ್ರಮ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನೊಂದು ಮಾತು. ಎರಡನೇ ದಿನ 900 ಮಿಲಿಗ್ರಾಂ ಹೋಯಿತು, ಅಪ್ಪ ಗೊರಕೆ ಹೊಡೆದರು ಅಂತ ನೀನೇ ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀಯ. ಮೊದಲ ದಿನದ ಒಂಬತ್ತು ಪಟ್ಟು ಔಷಧ, ಏನೂ ಆಗಲಿಲ್ಲ! ಇದನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ? ಉಸಿರಾಟಕ್ಕೇ ಕುತ್ತು ಬರುವಷ್ಟು ದೊಡ್ಡ ರಿಯಾಕ್ಷನ್ ಆಗಿದ್ದರೆ ಡಾಕ್ಟರೇ ಶಾಶ್ವತವಾಗಿ ನಿಲ್ಲಿಸುತ್ತಿದ್ದರು. ಅದನ್ನು ತೀರ್ಮಾನಿಸುವುದು ಅವರ ಕೆಲಸ, ಕಾಕಾನದಲ್ಲ. ಹೀಗೇ ಅಂತ ಓದಬೇಡ, ಸ್ವಲ್ಪ ಮೆತ್ತಗೆ ಹೇಳು.

ಈಗ ನೀನು ಮಾಡಬೇಕಾದ್ದು. ಅಪ್ಪ ಅವತ್ತು ಬೆಳಿಗ್ಗೆ ಬಿಪಿ ಗುಳಿಗೆ ನುಂಗಿ ಹೋಗಿದ್ದರಾ? ನನಗೆ ಅದೇ ಅನುಮಾನ. ಸಲಾಯಿನ್‌ಗೆ 12 ತಾಸು ಮೊದಲಿನಿಂದ ಬಿಪಿ ಗುಳಿಗೆ ತಡೆಯಬೇಕಾ ಅಂತ ಡಾಕ್ಟರನ್ನು ಇವತ್ತೇ ಕೇಳು. ನೀವಾಗಿ ನಿಲ್ಲಿಸಬೇಡಿ. ಮೊದಲು ಕೊಡುವ ಸ್ಟೆರಾಯ್ಡ್‌ನಿಂದ ಸಕ್ಕರೆ ಏರುತ್ತದೆ, ಅವ್ವ ಅದನ್ನು ನೋಡಿ ಮತ್ತೆ ಹೆದರುವುದು ಬೇಡ. ಸಕ್ಕರೆ ಗುಳಿಗೆಯ ಬಗ್ಗೆಯೂ ಕೇಳಿಕೋ. ಹೆಪಟೈಟಿಸ್ ಬಿ ಪರೀಕ್ಷೆ ಶುರುವಿನ ಮೊದಲೇ ಆಗಿರಬೇಕು, ಫೈಲಿನಲ್ಲಿ ರಿಪೋರ್ಟ್ ಹುಡುಕು. ಯಾವಾಗಲೋ ಬಂದು ಲಿವರಿನಲ್ಲಿ ಸುಮ್ಮನೆ ಕೂತ ವೈರಸ್ ಈ ಔಷಧಕ್ಕೆ ಎದ್ದು ಬರಬಹುದು. ಸಿಗದಿದ್ದರೆ ಸಂಕೋಚ ಬೇಡ, ಬಾಯಿಬಿಟ್ಟು ಕೇಳು.

ನೀರಿನ ವಿಷಯ. ದಾರಿಯಲ್ಲಿ ಇಳಿಯಬೇಕಾಗುತ್ತದೆ ಅಂತ ಅಪ್ಪ ಪ್ರಯಾಣದಲ್ಲಿ ಗುಟುಕು ನೀರೂ ಕುಡಿಯುವುದಿಲ್ಲ, ನಿನಗೇ ಗೊತ್ತು. ಈಗ ಅದು ನಡೆಯಲ್ಲ. ಸತ್ತ ಕಣಗಳ ಕಸ ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಅಲೋಪ್ಯುರಿನಾಲ್ ಗುಳಿಗೆ ಕೊಟ್ಟಿರುವುದೂ ಅದಕ್ಕೇ. ಹುಮನಾಬಾದಿನಿಂದ ಆಚೆ ಕಾರು ಎಷ್ಟು ಸಲ ನಿಲ್ಲಿಸಿದರೂ ಚಿಂತೆಯಿಲ್ಲ, ಕುಡಿಸು.

ಜ್ವರ 100.4 ದಾಟಿದರೆ ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಶರಣಬಸಪ್ಪನ ಜಾತ್ರೆಯ ಗದ್ದಲಕ್ಕೆ ಈ ವರ್ಷ ಅಪ್ಪ ಬೇಡವೇ ಬೇಡ. ತೇರಿಗೆ ಉತ್ತತ್ತಿ ನೀನು ಎಸೆ, ಅವರು ಮಾಳಿಗೆ ಮೇಲಿಂದ ಕೈ ಮುಗಿಯಲಿ.

ಇಲ್ಲಿಯವರದ್ದು ಬೇರೆಯೇ ಕತೆ. ಇದೇ ಸಲಾಯಿನ್ ಹಚ್ಚಿಕೊಂಡು ಅಜ್ಜಿಯರು ಸ್ವೆಟರ್ ಹೆಣೆಯುತ್ತಾ ಕೂತಿರುತ್ತಾರೆ. ನರ ಸಿಗದೆ ನಾನು ಎರಡು ಸಲ ಚುಚ್ಚಿದರೆ ಅವರೇ ನನಗೆ ಸಾರಿ ಅನ್ನುತ್ತಾರೆ. ಬಾಟಲಿಗೆ ಲಕ್ಷಗಟ್ಟಲೆ ಬೆಲೆ, ಸರ್ಕಾರ ಪುಕ್ಕಟೆ ಕೊಡುತ್ತದೆ. ಅದರ ಬಗ್ಗೆ ಮಾತಿಲ್ಲ, ಕಾರ್ ಪಾರ್ಕಿಂಗ್ ದುಡ್ಡಿಗೆ ಮಾತ್ರ ದಿನವಿಡೀ ಗೊಣಗಾಟ. ಎಷ್ಟೇ ಪರಿಚಯವಿದ್ದರೂ ಪ್ರತಿ ಸಲ ಹೆಸರು, ಹುಟ್ಟಿದ ದಿನ ಕೇಳಿಯೇ ಔಷಧ ಹಚ್ಚಬೇಕು. ನಮ್ಮ ಊರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದಾರೆ, ಎಲ್ಲ ಶಾಲೆಯ ಮಾಸ್ತರರ ಕೃಪೆ ಅಂದೆ. ನಕ್ಕರು. ಆದರೆ ಅಪ್ಪನ ಬಾಟಲಿ ಮೇಲೆ ಹೆಸರು ನೀನೂ ಓದಿ ನೋಡು. ಹೈದರಾಬಾದಿನ ಡಾಕ್ಟರರೇನು ಕಡಿಮೆ ಇಲ್ಲ, ಔಷಧವೂ ಅದೇ, ಪದ್ಧತಿಯೂ ಅದೇ.

ದುಡ್ಡು. ಜೇವರ್ಗಿ ಹೊಲದ ಮಾತು ಯಾರೂ ಎತ್ತಬಾರದು. ಮೊದಲ ತಿಂಗಳಲ್ಲಿ 1ನೇ, 2ನೇ, 8ನೇ, 15ನೇ ದಿನ ಇರುತ್ತದೆ, ಅದೇ ಭಾರ. ಆಮೇಲೆ 28 ದಿನಕ್ಕೊಂದು, ಒಟ್ಟು ಆರು ಸುತ್ತು. ಇದೇ ಜಾತಿಯ ಅಗ್ಗದ ಔಷಧ ರಿಟುಕ್ಸಿಮಾಬ್ ಯಾಕೆ ಬೇಡ ಅಂತ ಕಾಕಾ ಕೇಳಿದ್ದು ತಪ್ಪಲ್ಲ, ಅದು 2007ರಿಂದ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಆದರೆ ವಯಸ್ಸಾದವರಲ್ಲಿ ಎರಡನ್ನೂ ಕ್ಲೋರಾಂಬುಸಿಲ್ ಅನ್ನುವ ಕಿಮೋ ಗುಳಿಗೆ ಜೊತೆ ಕೊಟ್ಟು ಹೋಲಿಸಿ ನೋಡಿದ್ದಾರೆ, 2014ರಲ್ಲಿ ಫಲಿತಾಂಶ ಬಂತು. ರೋಗವನ್ನು ಹೆಚ್ಚು ಕಾಲ ತಡೆದದ್ದು ಅಪ್ಪನಿಗೆ ಹಚ್ಚುತ್ತಿರುವುದೇ. ಡೋಸೂ ಬೇರೆ ಬೇರೆ, ನಡುವೆ ನಮಗೆ ಬೇಕಾದ ಹಾಗೆ ಬದಲಿಸಲಿಕ್ಕಾಗಲ್ಲ. ಶುಕ್ರವಾರ ನಾನು ಕಳಿಸುತ್ತೇನೆ, ಅಷ್ಟರಲ್ಲಿ ವೈನಿಯ ಬಂಗಾರ ಮುಟ್ಟಬೇಡ.

ಅವ್ವನಿಗೆ ಹೇಳು, ಏನೂ ಆಗಲ್ಲ. ನಿಜವಾಗಿಯೂ ಏನೂ ಆಗಲ್ಲ. ನಾನು ಎರಡು ಹೊತ್ತು ಸರಿಯಾಗಿ ಊಟ ಮಾಡುತ್ತೇನೆ, ಶೇಂಗಾ ಹಿಂಡಿ ಇನ್ನೂ ಇದೆ, ಚಳಿಯೂ ಅಷ್ಟೇನಿಲ್ಲ (ಹೊರಗೆ ಹಿಮ ಬೀಳುತ್ತಿರುವುದು ಹೇಳಬೇಡ). ಬಿಪಿ ಗುಳಿಗೆ ವಿಷಯ ಕೇಳಿದ ತಕ್ಷಣ ನನಗೆ ಮೆಸೇಜ್ ಹಾಕು. ಬಸ್ಸಿಗೆ ಹೊತ್ತಾಯಿತು, ರಾತ್ರಿ ಪಾಳಿ ಇದೆ. ಪಿಂಕಿಯ ವರನ ವಿಷಯ ಮುಂದಿನ ಸಲ.

ನಿನ್ನ ಅಕ್ಕ