ಪುಸ್ತಕ ಕೈಗೆ ಬಂತು, ಮೇಷ್ಟ್ರಿಗೆ ನಮಸ್ಕಾರ

ಕಾದಂಬರಿ ಅಚ್ಚಾಗಿ ಬಂದಿದೆ. ಡೆಮಿ 1/8 ಅಳತೆ, 208 ಪುಟ, ಹದಿನಾರು ಪುಟದ 13 ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). ತಡವಾಗಿದೆ, ನಿಜ. ಮುಖಪುಟ ಬರೆದ ಗೆಳೆಯರಿಗೆ, ಮುಂಗಡ ಕೊಟ್ಟು ಕಾದ ಓದುಗರಿಗೆ, ಅಚ್ಚುಕೂಟದ ಹುಡುಗರಿಗೆ ಮನಸಾರೆ ವಂದನೆ.

ಇನ್ನು ಕರಡು ತಿದ್ದಿದ ಮೇಷ್ಟ್ರ ವಿಷಯ.

ಕಾದಂಬರಿಯಲ್ಲಿರುವುದು ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ಒಬ್ಬರ ಬದುಕು. ಕೊಲೆಯಿಲ್ಲ, ಕೋರ್ಟು ಕಚೇರಿಯಿಲ್ಲ. ಮುದ್ರೆ ಒತ್ತುತ್ತಾರೆ, ಮನೆಗೆ ಬರುತ್ತಾರೆ, ಒದ್ದೆ ಕೊಡೆಯನ್ನು ಬಿಚ್ಚಿ ಪಡಸಾಲೆಯಲ್ಲಿ ಆರಲು ಇಡುತ್ತಾರೆ. ಇಂಥ ಕತೆಯಲ್ಲಿ ಓದುಗರಿಗೆ ಸಿಗುವುದು ಸಣ್ಣ ವಿವರಗಳೇ. ಅವು ತಪ್ಪಿದರೆ ಪೋಸ್ಟ್‌ಮಾಸ್ಟರ್ ಮೇಲಿನ ನಂಬಿಕೆಯೇ ಹೋಗುತ್ತದೆ. ಕತೆಯಲ್ಲಿ ಬರುವ 1971ರ ಪತ್ರವೊಂದರ ವಿಳಾಸದಲ್ಲಿ ಪಿನ್‌ಕೋಡ್ ಇತ್ತು, ಕೆಳಗೆ 'ಕರ್ನಾಟಕ' ಅಂತಲೂ ಇತ್ತು. ನಾಲ್ಕು ಜನ ಓದಿದರೂ ಯಾರ ಕಣ್ಣಿಗೂ ಬೀಳಲಿಲ್ಲ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಮೇಷ್ಟ್ರು ಪೆನ್ಸಿಲ್‌ನಲ್ಲಿ ಎರಡನ್ನೂ ಹೊಡೆದು 'ಮೈಸೂರು ರಾಜ್ಯ' ಎಂದು ಬರೆದರು.

ಕೊನೆಯ ರಾತ್ರಿ, ಡಬಲ್ ಸ್ಪೇಸ್ ತೆಗೆಯಲು ಹೋಗಿ ಫೈಲಿನಲ್ಲಿದ್ದ ಝೀರೋ ವಿಡ್ತ್ ನಾನ್‌ಜಾಯ್ನರ್‌ಗಳೆಲ್ಲ ಅಳಿಸಿಹೋದವು. ಕಣ್ಣಿಗೆ ಕಾಣದ ಆ ಗುರುತು ಹೋದರೆ ಅರ್ಧಾಕ್ಷರವು ಮುಂದಿನ ಅಕ್ಷರವನ್ನು ಒತ್ತಾಗಿ ಕೆಳಕ್ಕೆ ಎಳೆದುಕೊಳ್ಳುತ್ತದೆ. 'ಪೋಸ್ಟ್‌ಮಾಸ್ಟರ್' ಹೋಗಿ 'ಪೋಸ್ಟ್ಮಾಸ್ಟರ್', 'ಬಸ್‌ನಲ್ಲಿ' ಹೋಗಿ 'ಬಸ್ನಲ್ಲಿ'. ಒಟ್ಟಿಗೇ ಬದಲಿಸೋಣವೆಂದರೆ 'ರತ್ನ', 'ಆತ್ಮ'ಗಳ ಸರಿಯಾದ ಒತ್ತೂ ಒಡೆಯುತ್ತದೆ. ಹಳೆಯ ಫೈಲಿಗೆ ಮರಳಿದರೆ ಮೂರನೇ ಕರಡಿನ ತಿದ್ದುಪಡಿಗಳೆಲ್ಲ ಹೋಗುತ್ತಿದ್ದವು. ಉಳಿದದ್ದು ಒಂದೇ ದಾರಿ, ಸಾಲು ಸಾಲನ್ನೂ ಕಣ್ಣಲ್ಲಿ ನೋಡುವುದು.

ಕೈ ನಡುಗುತ್ತಿತ್ತು. ಬೇಡ, ಈ ಪುಸ್ತಕವೇ ಬೇಡ ಅನಿಸಿಬಿಟ್ಟಿತ್ತು.

ಹೊರಡಲು ಚಪ್ಪಲಿ ಮೆಟ್ಟಿದ್ದ ಮೇಷ್ಟ್ರು ಅದನ್ನು ಬಿಟ್ಟು ಒಳಗೆ ಬಂದರು. ಕಾಗದದ ಕರಡು ಹಿಡಿದು ಗಟ್ಟಿಯಾಗಿ ಓದತೊಡಗಿದರು. ಅವರ ದನಿಯ ಹಿಂದೆ ಪರದೆಯ ಮೇಲೆ ಒಂದೊಂದೇ ಪದ ಬಿಡಿಸುತ್ತ ಹೋದೆವು. ಬೆಳಗಿನ ಜಾವಕ್ಕೆ ಪುಟಗಳು 210 ಆಗಿದ್ದವು. ಎರಡು ಪುಟಕ್ಕಾಗಿ ಇನ್ನೊಂದು ಫಾರಂ, ಅದರಲ್ಲಿ ಹದಿನಾಲ್ಕು ಪುಟ ಖಾಲಿ! ಪ್ಯಾರಾದ ಕೊನೆಗೆ ಒಂದೇ ಪದ ಉಳಿದ ಸಾಲುಗಳನ್ನು ಹುಡುಕಿ ಮೇಲಕ್ಕೆ ಸೇರಿಸಿ ಎಂದರು. 208ಕ್ಕೆ ಇಳಿಯಿತು.

ಮೇಷ್ಟ್ರೇ, ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಮೊದಲ ಪ್ರತಿಯನ್ನು ನಿಮಗೆ ಅಂಚೆಗೆ ಹಾಕಿದ್ದೇವೆ. ತಪ್ಪು ಕಂಡರೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಡಿ, ಮರುಮುದ್ರಣಕ್ಕೆ ಬೇಕು.